ಮೂರು ಸೀಟಿ

ಸಂಡೂರಿನ ಗಣಿಯಲ್ಲಿ ಬಂಡೆಗೆ ಮದ್ದಿಟ್ಟು ಸಿಡಿಸುವ ಕೆಲಸ ಮಾಡುವ ಹಿರಿಯರೊಬ್ಬರಿದ್ದರು. ವಾರದ ರಜೆಯಂದು, ತೊಳೆದರೂ ಅದಿರಿನ ಕೆಂಪು ಬಿಡದ ಅಂಗಿಯಲ್ಲಿ ಹೊಸಪೇಟೆಯ ನಮ್ಮ ಸೈಬರ್ ಕೆಫೆಗೆ ಬಂದು ಯುದ್ಧದ ಗೇಮಿಗೆ ಕೂರುತ್ತಿದ್ದರು. ಕುದುರೆ, ಆನೆ ಅವರಿಗೆ ಬೇಡ, ಬರೀ ಬಿಲ್ಲುಗಾರರು. ಆ ಬಿಲ್ಲುಗಾರರನ್ನು ದಿಬ್ಬದ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ಪರದೆಯ ಮೇಲೆ ದೂರ ಅಳೆಯುತ್ತಿದ್ದರು. "ದೂರ ನಿಂತವಂದ ಯುದ್ಧ, ನೋಡಲೇ."

ಬಾಣ ಬಿಡುವ ಮುಂಚೆ ಬಾಯಲ್ಲಿ ಮೂರು ಸೀಟಿ ಹೊಡೆಯುತ್ತಿದ್ದರು, ಗಣಿಯಲ್ಲಿ ಜನ ದೂರ ಸರಿಯಲೆಂದು ಹೊಡೆಯುವ ಹಾಗೆಯೇ. ಪಕ್ಕದ ಕಂಪ್ಯೂಟರಿನಲ್ಲಿ ಎದುರಾಳಿಯಾಗಿರುತ್ತಿದ್ದ ನಾನು ಅದನ್ನು ಕೇಳಿದ್ದೇ ಕುದುರೆಗಳನ್ನು ಹಿಂದಕ್ಕೆ ತಿರುಗಿಸಿ ಉಳಿಸಿಕೊಳ್ಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು.

"ಸೀಟಿ ಹೊಡೀದ ಹೆಂಗ ಬಿಡ್ಲಿ? ಕೈ ಬರಂಗಿಲ್ಲ," ಎನ್ನುತ್ತಿದ್ದರು.

ಸೋತವರು ಕೆಫೆಯವರಿಗೆಲ್ಲ ಮಿರ್ಚಿ ತಿನ್ನಿಸಬೇಕೆಂದು ಪಂದ್ಯ ಕಟ್ಟಿದ ದಿನವೂ ಸೀಟಿ ಬಂತು. ನಾನು ನಗುತ್ತಲೇ ಕುದುರೆಗಳನ್ನು ಹಿಂದಿನ ಹಳ್ಳದ ಕಡೆ ಓಡಿಸಿದೆ. ಹಳ್ಳದ ಎರಡೂ ದಂಡೆಯ ಮೇಲೆ ಅವರ ಬಿಲ್ಲುಗಾರರು ಕಾಯುತ್ತಿದ್ದರು. ಒಂದು ಕುದುರೆಯೂ ಉಳಿಯಲಿಲ್ಲ.

ಅವರು ಎದ್ದು ಅಂಗಿ ಕೊಡವಿಕೊಂಡರು.

"ಸೀಟಿ ಕೇಳಿದ ಮಂದಿ ಯಾವ ಕಡೆ ಓಡ್ತಾರಂತ ನನಗ ಗೊತ್ತಿಲ್ಲೇನಲೇ?"