ಕೆರೆ ಏರಿಯ ಮೇಲೆ ಕಂಡ ಬೆನ್ನು

ನನಗೆ ಆಗ ಇಪ್ಪತ್ತೆರಡು. ಡಂಬಳಕ್ಕೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಅವತ್ತು ಮಧ್ಯಾಹ್ನ ಅತ್ತೆ ಮತ್ತು ನಾನು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಏರಿಯ ಮೇಲೆ ಒಬ್ಬ ಗಂಡಸು ಬಿರಬಿರನೆ ನಡೆದುಹೋದ. ಬಿಳಿ ಅಂಗಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ. ನಾನು ತಲೆಯೆತ್ತುವ ಹೊತ್ತಿಗೆ ನಮ್ಮನ್ನು ದಾಟಿಯಾಗಿತ್ತು. ಮತ್ತೆ ಸೋಪು ಹಚ್ಚತೊಡಗಿದೆ.

ಸಂಜೆ ಹಿಟ್ಟಿನ ಗಿರಣಿಯ ಯಜಮಾನರ ಹೆಣ ಏರಿಯ ಬುಡದ ಜಾಲಿಕಂಟಿಯಲ್ಲಿ ಸಿಕ್ಕಿತು. ಯಾರೋ ತಲೆಗೆ ಕಲ್ಲು ಹಾಕಿದ್ದರು. ಯಾರೊಂದಿಗೂ ದನಿ ಏರಿಸಿ ಮಾತಾಡಿದವರಲ್ಲ ಅವರು.

ಮರುದಿನ ನಮ್ಮಿಬ್ಬರನ್ನೂ ಠಾಣೆಗೆ ಕರೆಸಿದರು. ಪಡಸಾಲೆಯ ನೆಲದ ಮೇಲೆ ಗಿರಣಿಯ ಆಳು ಕುಳಿತಿದ್ದ. ತುಟಿ ಬಾತಿತ್ತು. ವಾರಕ್ಕೊಮ್ಮೆ ನನ್ನ ತಲೆಯ ಮೇಲಿನ ಜೋಳದ ಬುಟ್ಟಿ ಇಳಿಸಿಕೊಳ್ಳುತ್ತಿದ್ದ ಮನುಷ್ಯ. ಏರಿಯ ಮೇಲೆ ಹೋದವನು ಇವನಿರಬಹುದು ಎಂದು ಆ ಗಳಿಗೆಯವರೆಗೆ ನನಗೆ ಹೊಳೆದೇ ಇರಲಿಲ್ಲ.

"ನೀ ನೋಡಿದ್ದು ಇವನ್ನ ಹೌದಲ್ಲವಾ?" ಸಾಹೇಬರು ಕೇಳಿದರು.

"ಇವರಂಗ ಇದ್ರರಿ."

"ಹಂಗ ಹಿಂಗ ಅನಬ್ಯಾಡ. ಹೌದೋ, ಅಲ್ಲೋ?"

"ಹೌದ್ರಿ."

ಅತ್ತೆ ಮಾತ್ರ ಪಟ್ಟು ಬಿಡಲಿಲ್ಲ. "ಅವ ಅಲ್ರಿ. ಅವ ಆಗಿದ್ರ ನಮ್ಮನ್ನ ಮಾತಾಡಸದ ಹೋಗತಿದ್ದಿಲ್ಲ." ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಪೇದೆಯೊಬ್ಬ ದೂರ ನಿಂತು ಬೆರಳು ಎತ್ತಿ, "ಎಷ್ಟದಾವು ಹೇಳಬೇ ಆಯಿ?" ಎಂದ. ಅವರು ತಪ್ಪು ಹೇಳಿದರು. ಎಲ್ಲರೂ ನಕ್ಕರು. ಅಲ್ಲಿಗೆ ಅವರ ಸಾಕ್ಷಿ ಮುಗಿಯಿತು.

ಊರಿನ ಹೆಂಗಸರು ದಿನಾ ಬಂದು ಕೇಳುತ್ತಿದ್ದರು. ನಾನು ದಿನಾ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಯಾವಾಗಲೋ ನನ್ನ ಮಾತಿನಲ್ಲಿ ಅವನು ಒಮ್ಮೆ ಹಿಂತಿರುಗಿ ನೋಡಿದ. ಮೀಸೆಯ ಮೇಲೆ ಬೆವರು ಕಾಣಿಸಿತು. ಕಟಕಟೆಯಲ್ಲಿ ನಿಂತಾಗ ವಕೀಲರು, "ಮುಖ ಕಂಡಿತ್ತೇನವಾ?" ಎಂದು ಕೇಳಿದರು. "ಕಂಡಿತ್ರಿ" ಅಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ. ಆ ಮುಖ ಕಣ್ಣೆದುರಿಗೇ ಇತ್ತು.

ಬೇರೆ ಪುರಾವೆ ಇಲ್ಲವೆಂದು ಕೊನೆಗೆ ಅವನನ್ನು ಬಿಟ್ಟರು. ಅಷ್ಟರಲ್ಲಿ ಎರಡು ವರ್ಷ ಒಳಗಿದ್ದ. ಹೆಂಡತಿ ಬೇನೆ ಬಿದ್ದು ತೀರಿಕೊಂಡಿದ್ದಳು. ಆರು ವರ್ಷದ ಮಗಳನ್ನು ಕರೆದುಕೊಂಡು ಶಿರಹಟ್ಟಿಗೆ ಹೋದ. ಕೊಂದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ಇದಾಗಿ ಇಪ್ಪತ್ತೈದು ವರ್ಷ. ಹೋದ ವರ್ಷ ಲಕ್ಷ್ಮೇಶ್ವರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ನಮ್ಮ ಅಣ್ಣ ಬೆನ್ನು ಮಾಡಿ ನಿಂತಿದ್ದ. ಹೋಗಿ ಹೆಗಲ ಮೇಲೆ ಕೈಯಿಟ್ಟೆ. ತಿರುಗಿದವರು ಯಾರೋ ಅಪರಿಚಿತರು. ಒಟ್ಟಿಗೆ ಬೆಳೆದ ಅಣ್ಣನ ಬೆನ್ನು ಯಾವುದು, ಬೇರೆಯವರದು ಯಾವುದು ಎಂದೇ ತಿಳಿಯಲಿಲ್ಲ ನನಗೆ. ಏರಿಯ ಮೇಲೆ ಹೋದವನು ತಿರುಗಿರಲೇ ಇಲ್ಲ ಎಂಬುದು ಆಗ ನನಗೆ ಖಚಿತವಾಯಿತು. ಅತ್ತೆಗಾದರೂ ಹೇಳೋಣವೆಂದರೆ ಅವರು ಹೋಗಿ ಹತ್ತು ವರ್ಷವಾಗಿತ್ತು.

ಎಂಟು ದಿನ ತಡೆದು ಶಿರಹಟ್ಟಿಗೆ ಹೋದೆ. ಕೇಳುತ್ತ ಹೋದರೆ ಗಿರಣಿಯ ಆಳಿನ ಮನೆ ಸಿಕ್ಕಿತು. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ. ನನ್ನ ಗುರುತು ಹಿಡಿಯಲು ಅವನಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.

"ಅಣ್ಣಾ, ನಾ ನಿಮ್ಮನ್ನ ನೋಡಿದ್ದಿಲ್ಲ," ಅಂದೆ. "ಒಂದು ಬೆನ್ನ ನೋಡಿದ್ದೆ ಅಷ್ಟ."

ಕೈಯಲ್ಲಿದ್ದ ಶೇಂಗಾ ಸುಲಿದು ಕಾಳು ಪಕ್ಕಕ್ಕಿಟ್ಟ. ಬಯ್ಯಲೆಂದು ಕಾದೆ.

"ಜೈಲಿನ್ಯಾಗ ನನಗೂ ಹಂಗ ಆಗಿತ್ತು ತಂಗೆವ್ವ," ಎಂದ. "ಎಲ್ಲಾರೂ ಹೇಳಿ ಹೇಳಿ, ನಾ ಏರಿ ಮ್ಯಾಲ ಹೋಗಿದ್ದು ನನ್ನ ಕಣ್ಣಿಗೂ ಕಾಣಾಕ ಹತ್ತಿತ್ತು. ಅವತ್ತ ನಾ ಮುಂಡರಗಿ ಸಂತ್ಯಾಗ ಇದ್ದೆ. ಖರೆ ಹೇಳತೇನಿ, ಅದನ್ನ ನಾನ ಒಮ್ಮೊಮ್ಮೆ ನಂಬತಿದ್ದಿಲ್ಲ."

ನನಗೆ ಅಳು ಬಂತು. ಅವನು ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ಮಗಳು ಬೆಟಗೇರ್ಯಾಗ ಅದಾಳ. ಮೊಮ್ಮಕ್ಕಳನ್ನ ನನ್ನ ಹತ್ರ ಬಿಟ್ಟು ಹೊರಗ ಹೋಗಂಗಿಲ್ಲ. ಆಕಿಗೆ ಬಂದು ಹೇಳತಿಯೇನು?"

ಮುಂದಿನ ಸೋಮವಾರ ಇಬ್ಬರೂ ಬೆಟಗೇರಿಗೆ ಹೋದೆವು. ಮಗಳು ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ: ಠಾಣೆಯಲ್ಲಿ ಅಂದದ್ದು, ಕೋರ್ಟಿನಲ್ಲಿ ಅಂದದ್ದು, ಲಕ್ಷ್ಮೇಶ್ವರದಲ್ಲಿ ಆದದ್ದು. ಅವಳು ಸೆರಗಿನ ಅಂಚು ಹಿಂಡುತ್ತ ಪೂರ್ತಿ ಕೇಳಿಸಿಕೊಂಡಳು. ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದ.

"ಆವಾಗ ನೋಡೇನಿ ಅಂದ್ರಿ. ಈಗ ನೋಡಿಲ್ಲ ಅಂತೀರಿ," ಎಂದಳು. "ಎರಡೂ ನಿಮ್ಮ ಬಾಯಿಲೇನ ಬಂದಾವು. ನಾ ಯಾವುದು ಖರೆ ಅಂತ ತಿಳಕೊಳ್ಳಲ್ರಿ, ಅವ್ವಾರ?"

ಸಂಶಯವನ್ನು ಅವಳ ತಲೆಗೆ ತುಂಬಿದವಳು ನಾನೇ. ತೆಗೆಯುವುದು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಚಹಾ ಕುಡಿದು ಎದ್ದೆವು.

ಗದಗಿನ ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೇ ಬಂದೆವು. ಅವನು ಶಿರಹಟ್ಟಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ. ನಾನು ಕೆಳಗೆ ನಿಂತು, "ನನ್ನಿಂದ ಏನೂ ಆಗಲಿಲ್ಲ ಅಣ್ಣಾ," ಅಂದೆ.

"ನಿನ್ನನ್ನರ ಆಕಿ ಖರೆ ಯಾವುದಂತ ಕೇಳಿದ್ಲು," ಎಂದ. "ನನ್ನನ್ನ ಇಷ್ಟು ವರ್ಷದಾಗ ಒಂದ ಸಲಾನೂ ಕೇಳಿಲ್ಲ."