ಕನ್ನಡಕ ಏರಿಸಿದ ಬೀದಿನಾಯಿ

ಮೊನ್ನೆ ನಮ್ಮ ಸ್ಕೂಲಿನಲ್ಲಿ ಒಂದು ಬೀದಿನಾಯಿ ಕನ್ನಡಕ ಸರಿಮಾಡಿಕೊಂಡು ಬೊಗಳಿತು.

ಗಾಬರಿಯಾಗಬೇಡಿ. ನಾಯಿ ಎಂದರೆ ಎಂಟನೇ ಕ್ಲಾಸಿನ ಒಬ್ಬ ಹುಡುಗ. ಸ್ಕೂಲ್ ಡೇ ನಾಟಕದ ರಿಹರ್ಸಲ್ ನಡೀತಿತ್ತು. ಅವನಿಗೆ ಕನ್ನಡಕವೇ ಇಲ್ಲ. ಆದರೂ ಬೊಗಳುವ ಮೊದಲು ಮೂಗಿನ ಮೇಲೆ ಬೆರಳಿಟ್ಟು, ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿ, ಆಮೇಲೆ ಬೌ ಅಂದ.

ಕನ್ನಡಕ ಇರುವುದು ನನಗೆ. ಮಾತು ಶುರು ಮಾಡುವ ಮುಂಚೆ ಅದನ್ನು ಮೇಲಕ್ಕೆ ತಳ್ಳುವ ಚಟವೂ ನನ್ನದೇ.

ನಿಮಗೆ ಗೊತ್ತಿರುವ ಹಾಗೆ ನಾನು ಮಿಮಿಕ್ರಿಯವನು. ವೀಕೆಂಡಿನಲ್ಲಿ ರಿಸೆಪ್ಷನ್‌ಗಳಲ್ಲಿ ಕೂಗುತ್ತೇನೆ, ವಾರವಿಡೀ ಗಂಗಾನಗರದ ಹತ್ತಿರದ ಹೈಸ್ಕೂಲೊಂದರಲ್ಲಿ ನಾಟಕ ಹೇಳಿಕೊಡುತ್ತೇನೆ. (ಅಮ್ಮ ನೆಂಟರ ಮುಂದೆ ಎರಡನೆಯದನ್ನು ಮಾತ್ರ ಹೇಳುತ್ತಾಳೆ.) ನನ್ನ ಪಾಠದ ವಿಧಾನವೂ ಬಹಳ ಸರಳ. 'ನೋಡ್ಕೊಳ್ಳಿ, ಹಿಂಗೆ.' ಅಷ್ಟೇ. ನಾನು ಮಾಡಿ ತೋರಿಸುತ್ತೇನೆ, ಅವರು ಹಾಗೇ ಮಾಡುತ್ತಾರೆ. ಮಿಮಿಕ್ರಿಯವನಿಗೆ ಬೇರೆ ಇನ್ನೇನು ಬರುತ್ತೆ ಹೇಳಿ?

ಈ ಸಲದ ನಾಟಕ ಮಕ್ಕಳೇ ಕಟ್ಟಿದ್ದು. ಒಂದು ಬೀದಿ. ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕರ್ ಬರುತ್ತದೆ, ಕೊಡಗಳ ಜಗಳ ಶುರುವಾಗುತ್ತದೆ, ಲೀಡರ್ ಒಬ್ಬ ಬಂದು ಫೋಟೊ ತೆಗೆಸಿಕೊಳ್ಳುತ್ತಾನೆ. ಕೊನೆಯಲ್ಲಿ ಕ್ಯೂನಲ್ಲಿ ಹಿಂದೆ ನಿಂತ ಅಜ್ಜಿ ನಾಲ್ಕು ಮಾತಾಡುತ್ತಾಳೆ. ಇಡೀ ನಾಟಕ ನಿಂತಿರುವುದು ಆ ನಾಲ್ಕು ಮಾತಿನ ಮೇಲೆ.

ಅಜ್ಜಿ ಪಾತ್ರ ಯಾರು ಮಾಡ್ತೀರಾ ಎಂದು ಕೇಳಿದಾಗ ಕೈ ಎತ್ತಿದ್ದು ಒಂಬತ್ತನೇ ಕ್ಲಾಸಿನ ಆಫ್ರೀನ್. ಈ ಹುಡುಗಿ ಹಾಜರಿ ಹೇಳುವುದೂ ಪಕ್ಕದವಳಿಗೆ ಕೇಳಿದರೆ ಹೆಚ್ಚು. ಅವಳು ಕೈ ಎತ್ತಿದ್ದನ್ನು ನಾನು ನೋಡಿದ್ದು ಅವತ್ತೇ. ಮಾರನೇ ದಿನ ಬಂದು, ನಾನಿಗೆ ಹೇಳಿದ್ದೇನೆ, ನೋಡಲು ಬರ್ತಾರಂತೆ ಅಂದಳು. ನಾನಿ ಎಂದರೆ ಅವಳ ತಾಯಿಯ ತಾಯಿ. ಮೊಣಕಾಲು ನೋವು, ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲವಂತೆ.

ಈಗ ನನ್ನ ಅಜ್ಜಿ ದನಿಯ ಬಗ್ಗೆ ಹೇಳಬೇಕು. ನಾಗಸಂದ್ರದಿಂದ ಹೆಬ್ಬಾಳದವರೆಗೆ ಯಾವ ಛತ್ರದಲ್ಲಾದರೂ ಕೇಳಿ, ಅದು ನನ್ನ ಹಿಟ್ ಐಟಂ. ನಡುಗುವ ಗಂಟಲು, ಎರಡು ಕೆಮ್ಮು, ಸೊಂಟದ ಮೇಲೆ ಕೈ. ಅದನ್ನೇ ಆಫ್ರೀನ್‌ಗೆ ಮಾಡಿ ತೋರಿಸಿದೆ. ಅವಳು ಶ್ರದ್ಧೆಯಿಂದ ನೋಡಿದಳು. ತಲೆಯಾಡಿಸಿದಳು. ನೆಟ್ಟಗೆ ನಿಂತು, ಮೆತ್ತಗೆ, ತನ್ನದೇ ದನಿಯಲ್ಲಿ ಹೇಳಿದಳು. ಮತ್ತೆ ತೋರಿಸಿದೆ. ಮತ್ತೆ ಅದೇ.

ಅಜ್ಜಿ ಅಂದಮೇಲೆ ಸ್ವಲ್ಪವಾದರೂ ನಡುಗಬೇಡವೇನಮ್ಮಾ ಎಂದು ಕೇಳಿದೆ.

"ನಮ್ಮ ನಾನಿ ನಡುಗಲ್ಲ ಸಾರ್. ಮೆತ್ತಗೆ ಮಾತಾಡ್ತಾರೆ. ಅವರು ಬಾಯಿ ತೆಗೆದ್ರೆ ನಮ್ಮನೇಲಿ ಟಿವಿ ಆಫ್ ಮಾಡ್ತಾರೆ."

ನನ್ನ ಬುದ್ಧಿಗೆ ಅದು ಇಳಿಯಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಸ್ಕೂಲ್ ಡೇ ಮೈದಾನ. ಅಳುವ ಕೂಸುಗಳು, ರಿಂಗಾಗುವ ಫೋನುಗಳು, ತಲೆ ಮೇಲೆ ಏರ್‌ಪೋರ್ಟಿನ ವಿಮಾನ. ಅಲ್ಲಿ ಈ ಪಿಸುಮಾತು ಯಾರಿಗೆ ಕೇಳಬೇಕು? ಅಜ್ಜಿಯನ್ನು ಎತ್ತಿ ದರ್ಶನನಿಗೆ ಕೊಟ್ಟೆ. ದರ್ಶನ ನಮ್ಮ ಟ್ಯಾಂಕರ್ ಡ್ರೈವರು. ಹೆಬ್ಬಾಳದ ಆಚೆ ಹಳೇ ಊರಿನ ಮನೆತನದ ಹುಡುಗ, ಇಂಜಿನ್ ಸದ್ದನ್ನು ಬಾಯಲ್ಲೇ ಹೊರಡಿಸುತ್ತಾನೆ. ನನ್ನನ್ನಂತೂ ನನಗಿಂತ ಚೆನ್ನಾಗಿ ಮಾಡುತ್ತಾನೆ. ಅವನೇ ಸೀರೆ ಸುತ್ತಿಕೊಂಡು ಡಬಲ್ ರೋಲ್ ಮಾಡಲಿ ಅಂದೆ.

ಆಫ್ರೀನ್ ಕೈಗೆ ಒಂದು ಖಾಲಿ ಕೊಡ ಬಂತು. ಸರಿ ಸಾರ್ ಅಂದಳು. ಹಾಗಾದರೆ ನಾನಿಗೆ ಬರಬೇಡಿ ಅಂತ ಹೇಳ್ತೀನಿ ಅಂತಲೂ ಅಂದಳು. ಅದನ್ನೂ ಮೆತ್ತಗೇ.

ಮರುದಿನ ಹೆಡ್ ಮೇಡಂ ರಿಹರ್ಸಲ್ ನೋಡಲು ಬಂದರು. ನಾಯಿ ಬೊಗಳಿದ್ದು ಅವತ್ತೇ. ನಾಯಿ ಒಂದೇ ಆಗಿದ್ದರೆ ಮಾನ ಉಳಿಯುತ್ತಿತ್ತು. ಜಗಳಗಂಟಿಯರು ಕನ್ನಡಕ ಏರಿಸಿದರು. ಲೀಡರ್ ಏರಿಸಿದ. ಅಜ್ಜಿಯಂತೂ ಒಂದೊಂದು ಕೆಮ್ಮಿಗೂ ಏರಿಸಿದಳು. ಎಲ್ಲರ ರಾಗವೂ ನನ್ನದೇ, ಕತ್ತು ಕೊಂಕಿಸುವುದೂ ನನ್ನ ಹಾಗೇ.

ಮೇಡಂ ಕೊನೆಯವರೆಗೂ ನೋಡಿದರು. ಆಮೇಲೆ ಎಷ್ಟು ಪಾತ್ರ ಎಂದು ಕೇಳಿದರು. ಹದಿನೈದು ಅಂದೆ.

"ನನಗೆ ಒಬ್ಬರೇ ಕಂಡ್ರು. ಅವರನ್ನ ದಿನಾ ಸ್ಟಾಫ್ ರೂಮಲ್ಲಿ ನೋಡ್ತಾನೇ ಇದ್ದೀನಲ್ಲ ಸಾರ್."

ಎದ್ದು ಹೊರಟವರು ಬಾಗಿಲಲ್ಲಿ ನಿಂತು, ಆ ಕೊಡ ಹಿಡಿದ ಹುಡುಗಿ ಒಬ್ಬಳೇ ಮೂಗು ಮುಟ್ಟಲಿಲ್ಲ ನೋಡಿ ಅಂದರು. (ಮೇಡಂ ದನಿಯನ್ನೂ ನಾನು ಸೊಗಸಾಗಿ ಮಾಡುತ್ತೇನೆ. ಅವತ್ತು ಮಾಡಲಿಲ್ಲ.)

ಪಾತ್ರ ವಾಪಸ್ ಕೇಳಿದರೆ ದರ್ಶನ ಮುಖ ಊದಿಸಿಕೊಳ್ಳುತ್ತಾನೇನೋ ಎಂದು ನಿಧಾನವಾಗಿ ಪೀಠಿಕೆ ಹಾಕಿದೆ. ಅವನು ಪೀಠಿಕೆ ಮುಗಿಯಲು ಬಿಡಲಿಲ್ಲ. "ತಕಳಿ ಸಾ. ಸೀರೆ ಉಟ್ಕಂಡು ಟ್ಯಾಂಕರ್ ಓಡ್ಸಕ್ಕಾಯ್ತದಾ?"

ಆಫ್ರೀನ್ ಮಾತ್ರ ಕೂಡಲೇ ಹೂಂ ಅನ್ನಲಿಲ್ಲ. ನಡುಗಬೇಕಾ ಸಾರ್ ಎಂದು ಕೇಳಿದಳು. ಬೇಡಮ್ಮಾ ಅಂದೆ.

ಉಳಿದ ದಿನಗಳು ನಾನು ಬಾಯಿಗೆ ಕಡಲೆ ಚಿಕ್ಕಿ ತುಂಬಿಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ತೋರಿಸುವುದು ಬಂದ್. ನಿಮ್ಮ ಬೀದಿಯಲ್ಲಿ ನೋಡಿಕೊಂಡು ಬನ್ನಿ ಅಂತಷ್ಟೇ ಹೇಳಿದ್ದು. ಒಬ್ಬಳು ತನ್ನ ಚಿಕ್ಕಮ್ಮನ ಹಾಗೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಳು. ನಾಯಿ ಹುಡುಗ ತನ್ನ ಮನೆ ಗೇಟಿನ ನಾಯಿಯನ್ನು ನೋಡಿಕೊಂಡು ಬಂದು, ನಾಟಕವಿಡೀ ಮಲಗಿಬಿಟ್ಟ. ಕೇಳಿದರೆ, ಅದು ಬೊಗಳಲ್ಲ ಸಾರ್, ಒಂದು ಕಣ್ಣು ಬಿಟ್ಟು ನೋಡುತ್ತೆ ಅಷ್ಟೇ ಅಂದ.

ಸ್ಕೂಲ್ ಡೇ ಬಂತು. ಮೂರನೇ ಸಾಲಿನಲ್ಲಿ ಬಿಳಿ ದುಪಟ್ಟಾ ಹೊದ್ದು ನಾನಿ ಕೂತಿದ್ದರು. ಮೈದಾನ ನಾನು ಹೆದರಿದ ಹಾಗೇ ಸಂತೆಯಾಗಿತ್ತು. ಆಫ್ರೀನ್ ಮುಂದೆ ಬಂದಳು. ಬಾಯಿ ತೆರೆದಳು. ತುಟಿ ಅಲ್ಲಾಡಿದ್ದು ಕಂಡಿತು, ಒಂದಕ್ಷರ ಕೇಳಲಿಲ್ಲ. ಅವಳು ನಿಲ್ಲಿಸಿದಳು. ಹಿಂದೆ ದರ್ಶನನ ಇಂಜಿನ್ ಬೇರೆ ಡರ್ರ್ ಅನ್ನುತ್ತಿತ್ತು.

ಪರದೆ ಪಕ್ಕದಲ್ಲಿ ನಿಂತಿದ್ದ ನನ್ನ ಗಂಟಲು ತುರಿಸತೊಡಗಿತು. ಅವಳ ಮಾತನ್ನು ನನ್ನ ಹಿಟ್ ದನಿಯಲ್ಲಿ ನಾನೇ ಕೂಗಿಬಿಡಲೇ? ಬೆರಳು ಆಗಲೇ ಕನ್ನಡಕದ ಮೇಲಿತ್ತು.

ಅಷ್ಟರಲ್ಲಿ ದರ್ಶನ ಇಂಜಿನ್ ನಿಲ್ಲಿಸಿದ. ಕೀ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡ, ಟ್ಯಾಂಕರಿನಿಂದ ಧುಮುಕಿದ, ನೇರ ಮೈದಾನದ ಕಡೆ ತಿರುಗಿದ.

"ಅಜ್ಜಿ ಮಾತಾಡ್ತಾವ್ರೆ. ನಾನು ಆಫ್ ಮಾಡಿವ್ನಿ, ನೀವೂ ವಸಿ ಆಫ್ ಮಾಡ್ಕಳಿ."

ಇದು ನಾಟಕದಲ್ಲಿ ಇರಲಿಲ್ಲ. ಜನ ನಕ್ಕರು. ನಕ್ಕು ಮುಗಿದ ಮೇಲೆ ಒಂದು ಚೂರು ಮೌನ ಉಳಿಯುತ್ತದಲ್ಲ, ಅದರೊಳಗೆ ಆಫ್ರೀನ್ ಮೆತ್ತಗೆ ಕಾಲಿಟ್ಟಳು.

"ಈ ರೋಡು ಮೊದಲು ಕೆರೆ ಕಣ್ರಪ್ಪಾ. ನೀರು ನಮ್ಮನೆಗೆ ಬರ್ತಿಲ್ಲ ಅಂತೀರಾ. ನೀರಿನ ಮನೆಗೆ ಬಂದು ಕೂತಿರೋದು ನಾವು."

ನಡುಗಲಿಲ್ಲ. ಕೆಮ್ಮಲಿಲ್ಲ. ಕೊನೇ ಸಾಲಿನಲ್ಲಿ ಕೂಸನ್ನು ತೂಗುತ್ತಿದ್ದವರೊಬ್ಬರು ತೂಗುವುದನ್ನೇ ಮರೆತಿದ್ದರು. ಮಲಗಿದ್ದ ನಾಯಿ ಒಂದು ಕಣ್ಣು ಬಿಟ್ಟು ನೋಡಿತು.

ಎಲ್ಲ ಮುಗಿದ ಮೇಲೆ ಆಫ್ರೀನ್ ನನ್ನನ್ನು ನಾನಿ ಹತ್ತಿರ ಕರೆದುಕೊಂಡು ಹೋದಳು. ಅವರು ಏನೋ ಕೇಳಿದರು. ಕೇಳಿಸಿಕೊಳ್ಳಲು ನಾನು ಬಗ್ಗಬೇಕಾಯಿತು. ಸುತ್ತ ಗಲಾಟೆ ಮಾಡುತ್ತಿದ್ದವರೂ ಯಾಕೋ ಸುಮ್ಮನಾದರು. ಮಗುವಿಗೆ ನೀವು ಏನು ಕಲಿಸಿದಿರಿ ಎಂದು ನಗುತ್ತಾ ಕೇಳಿದ್ದರು ಅವರು. ನಾನು ಕನ್ನಡಕ ಮೇಲಕ್ಕೆ ತಳ್ಳಿದೆ. ಆಮೇಲೆ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

ಸಂಜೆ ವಿದ್ಯಾರಣ್ಯಪುರದ ನಮ್ಮ ಮನೆಗೆ ಬಂದು, ಇದನ್ನೆಲ್ಲ ಅಮ್ಮನಿಗೆ ಎಲ್ಲರ ದನಿಯಲ್ಲೂ ಮಾಡಿ ತೋರಿಸಲು ಶುರು ಮಾಡಿದೆ. ಅಮ್ಮ ರಿಮೋಟ್ ತೆಗೆದುಕೊಂಡು ಟಿವಿ ವಾಲ್ಯೂಮ್ ಜಾಸ್ತಿ ಮಾಡಿದಳು.

ನಿಮ್ಮ ಮನೆಯಲ್ಲಿ ಯಾರು ಬಾಯಿ ತೆರೆದರೆ ಟಿವಿ ಆಫ್ ಆಗುತ್ತದೆ?