ಕೆಂಪು ಹೆಲ್ಮೆಟ್ಟಿನ ಪರವಾಗಿ

ಕಳೆದ ಭಾನುವಾರ ಬೆಳಿಗ್ಗೆ ಹೇವರ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಗೆಯ ಅಲಾರ್ಮು ಬಡಿದುಕೊಂಡಿತು. ಕೆಳಗಿನ ಮನೆಯವರು ಮಗುವಿನ ಎಣ್ಣೆಸ್ನಾನಕ್ಕೆಂದು ಹರಳೆಣ್ಣೆ ಬಿಸಿಗಿಟ್ಟು ಮರೆತುಬಿಟ್ಟಿದ್ದರು. ಮೆಟ್ಟಿಲ ತುಂಬ ಅದರದೇ ಕಮಟು. ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದರೆ ನಾನೊಬ್ಬಳು ಅಲ್ಲೇ ನಿಂತು ಎದೆತುಂಬ ಎಳೆದುಕೊಂಡೆ. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ನಿಮಗೆ ಹರಳೆಣ್ಣೆ ಎಂದರೆ ಅಜ್ಜಿ ನೆನಪಾಗಬಹುದು, ಕಣ್ಣುರಿಸಿದ ಸೀಗೆಪುಡಿ ನೆನಪಾಗಬಹುದು. ನನಗೆ ನೆನಪಾಗುವುದು ಮೋಟರ್ ಸೈಕಲ್ ರೇಸು. ಅದರ ಜೊತೆಗೆ ನಾನು ಗೆದ್ದೂ ತಲೆ ತಗ್ಗಿಸಿದ ಒಂದು ವಾದ.

ಟೀವಿಯಲ್ಲಿ ನೀವು ನೋಡುವ ರೇಸಲ್ಲ ಇದು. ಸ್ಪೀಡ್‌ವೇ ಎನ್ನುತ್ತಾರೆ. ಮಣ್ಣಿನ ಪುಟ್ಟ ಟ್ರ್ಯಾಕು, ನಾಲ್ಕೇ ಸವಾರರು, ನಾಲ್ಕೇ ಸುತ್ತು. ನೀವು ಕಡಲೆಕಾಯಿಯ ಪೊಟ್ಟಣ ಬಿಚ್ಚುವಷ್ಟರಲ್ಲಿ ಮುಗಿದಿರುತ್ತದೆ. ಗಾಡಿ ಓಡುವುದು ಮದ್ಯಸಾರದಿಂದ, ಎಂಜಿನ್ನಿಗೆ ಹಾಕುವುದು ಹರಳೆಣ್ಣೆ. ಬ್ರೇಕು ಇಲ್ಲ. ಕೆಟ್ಟಿದೆ ಎಂದಲ್ಲ, ಇಡುವುದೇ ಇಲ್ಲ. ತಿರುವಿನಲ್ಲಿ ಹಿಂದಿನ ಗಾಲಿಯನ್ನು ಬೇಕೆಂದೇ ಜಾರಿಸಿ, ಎಡಗಾಲಿನ ಬೂಟಿಗೆ ಕಟ್ಟಿದ ಉಕ್ಕಿನ ತಗಡನ್ನು ನೆಲಕ್ಕೆ ಉಜ್ಜುತ್ತಾ ಅಡ್ಡಡ್ಡವಾಗಿ ಹೋಗುತ್ತಾರೆ. ದೂರದಿಂದ ಗುರುತು ಸಿಗಲೆಂದು ನಾಲ್ವರಿಗೂ ಬೇರೆ ಬೇರೆ ಬಣ್ಣದ ಹೆಲ್ಮೆಟ್ಟು: ಕೆಂಪು, ನೀಲಿ, ಬಿಳಿ, ಹಳದಿ. ಇದಕ್ಕಿಂತ ಹೆಚ್ಚು ನನಗೂ ತಿಳಿಯದು. ನಾನು ರೇಸಿನವಳಲ್ಲ, ವಾದದವಳು.

ಹಾಸನದಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಬಂದ ಪಕ್ಷವನ್ನು ವಾದಿಸುತ್ತಿದ್ದೆವು. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಪರವಾಗಿ, ಮಧ್ಯಾಹ್ನ ಇನ್ನೊಂದರಲ್ಲಿ ಅದೇ ವಿಷಯಕ್ಕೆ ವಿರುದ್ಧವಾಗಿ ಗುಡುಗಿ ಎರಡು ಕಡೆಯೂ ಬಹುಮಾನದ ಕಪ್ ಹೊತ್ತು ತಂದ ದಿನವೂ ಇದೆ. "ಇವಳಿಗೆ ಸೊಪ್ಪು ತಾ ಅಂದ್ರೂ ಸೊಪ್ಪು ಯಾಕೆ ಬೇಕು ಅನ್ನೋದಕ್ಕೆ ಸಾಕ್ಷಿ ಕೇಳ್ತಾಳೆ ಕಣ್ರೀ" ಎಂದು ಅಮ್ಮ ನೆಂಟರೆದುರು ಮಾನ ಕಳೆಯುತ್ತಿದ್ದಳು. ಈ ಬುದ್ಧಿಯನ್ನೇ ಗಂಟುಕಟ್ಟಿಕೊಂಡು ಕಡಲು ದಾಟಿ ಹೇವರ್ಡಿಗೆ ಓದಲು ಬಂದಾಗ ನನಗೆ ಕೋಣೆ ಬಾಡಿಗೆಗೆ ಕೊಟ್ಟವರು ಧಾರವಾಡದ ಗುರುಪಾದ ಕಾಕಾ.

ಕಾಕಾ ಅಷ್ಟು ಹೊತ್ತಿಗೆ ನಿವೃತ್ತರು, ಒಂಟಿ. ವಯಸ್ಸಿನಲ್ಲಿದ್ದಾಗ ವಾರವಿಡೀ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಬೇರಿಂಗು ಪರೀಕ್ಷಿಸುವ ಎಂಜಿನಿಯರು, ಶನಿವಾರ ಸಂಜೆ ಒಂದು ಸಣ್ಣ ವಾರಪತ್ರಿಕೆಗೆ ಸ್ಪೀಡ್‌ವೇ ವರದಿಗಾರ. ಬ್ರೇಕಿಲ್ಲದ ಗಾಡಿಯಲ್ಲಿ ಏನು ಸೊಗಸು ಎಂದು ನಾನು ಮೊದಲ ವಾರವೇ ಕಾಲು ಕೆರೆದಿದ್ದೆ.

"ನೋಡವಾ ತಂಗಿ," ಎಂದರು, "ಬ್ರೇಕ್ ಇದ್ರ ನಿಲ್ಲಸಬೇಕೋ ಬ್ಯಾಡೋ ಅಂತ ವಿಚಾರ ಮಾಡತಿ. ಇಲ್ಲಿಕ್ಕಂದ್ರ ಆ ಚಿಂತಿನ ಇಲ್ಲ. ನೀ ವಾದಾ ಮಾಡೂ ಮುಂದ ನಿನಗ ಬ್ರೇಕ್ ಅದ ಏನು?"

ನನ್ನ ಬಾಯಿ ಮುಚ್ಚಿಸಿದ ಕೆಲವೇ ಜನರಲ್ಲಿ ಕಾಕಾ ಒಬ್ಬರು.

ರೇಸಿನ ದಿನ ವರದಿಗಾರರ ಕೈಯಲ್ಲಿ ಒಂದು ಕಾರ್ಡು ಇರುತ್ತಿತ್ತು. ಪ್ರತಿ ಓಟಕ್ಕೂ ಯಾವ ಬಣ್ಣ ಮೊದಲು, ಯಾವುದು ಕೊನೆ, ಯಾರು ಬಿದ್ದರು, ಯಾಕೆ ಬಿದ್ದರು, ಎಲ್ಲವನ್ನೂ ಮಣ್ಣು ಸಿಡಿಯುವ ಬೇಲಿಯ ಪಕ್ಕ ನಿಂತೇ ಪೆನ್ಸಿಲಿನಲ್ಲಿ ತುಂಬಬೇಕು. ಕಾಕಾ ತಮ್ಮ ಕಾರ್ಡುಗಳನ್ನು ಕನ್ನಡದಲ್ಲಿ ತುಂಬುತ್ತಿದ್ದರು. ನಾಡುನುಡಿಯ ಅಭಿಮಾನ ಎಂದು ನಾನು ಭಾವುಕಳಾಗಲು ಹೊರಟಾಗ ಅವರೇ ತಡೆದರು. "ಅಭಿಮಾನ ಎಲ್ಲೀದವಾ! ಉಳಿದ ಮಂದಿ ಹೆಗಲ ಮ್ಯಾಲಿಂದ ಇಣಿಕಿ ಇಣಿಕಿ ನಂದನ್ನ ಕಾಪಿ ಹೊಡೀತಿದ್ರು. ಕನ್ನಡದಾಗ ಬರದೆ. ಹೊಡೀರಿ ಈಗ ಅಂದೆ."

ಇನ್ನೊಂದು ಪದ್ಧತಿಯನ್ನೂ ಹೇಳಿದ್ದರು. ಓಟಗಳೆಲ್ಲ ಮುಗಿದ ಮೇಲೆ ನಾಲ್ಕು ಪತ್ರಿಕೆಗಳ ನಾಲ್ವರೂ ಒಂದು ಎಣ್ಣೆ ಡ್ರಮ್ಮಿನ ಸುತ್ತ ನಿಂತು ಕಾರ್ಡುಗಳನ್ನು ತಾಳೆ ನೋಡುವುದು. ಇದಕ್ಕೆ ಕಾಕಾ ಇಟ್ಟ ಹೆಸರು "ಕಾರ್ಡ್ ಕೂಡಸೂದು". ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಮಾತಾಡಿ ಒಂದೇ ಕಥೆಗೆ ಬರಬೇಕು. ಬಂದ ಮೇಲೆ ನಾಲ್ಕು ಪತ್ರಿಕೆಯಲ್ಲೂ ಅದೇ ಅಚ್ಚಾಗಬೇಕು. ಓದುಗರಿಗೆ ಗೊಂದಲ ಬೇಡವಂತೆ! ನಾಲ್ಕು ಜನ ಬೇರೆ ಬೇರೆ ಕಡೆ ನಿಂತು ನೋಡಿದ್ದನ್ನು ಒಂದು ಡ್ರಮ್ಮಿನ ಮೇಲೆ ಕಲಸಿ ಒಂದೇ ಮುದ್ದೆ ಮಾಡಿ ಅದಕ್ಕೆ ಸತ್ಯ ಎನ್ನುವುದಾದರೆ ನಾಲ್ವರನ್ನು ಕಳಿಸುವುದೇಕೆ, ಒಬ್ಬ ಸಾಲದೇ? ಹೀಗೆಂದು ನಾನು ಅರ್ಧ ಗಂಟೆ ಕೂಗಾಡಿದೆ. ಕಾಕಾ ಎಂದಿನಂತೆ ತಿರುಗಿ ಚುಚ್ಚಲಿಲ್ಲ. "ಖರೇ ಅದ" ಎಂದು ಎದ್ದು ಅಂಗಳಕ್ಕೆ ಹೋದರು. ಗೆದ್ದೆನೆಂದು ಬೀಗಿದೆ. ಎದುರಾಳಿ ಸುಮ್ಮನಾದರೆ ಗೆಲುವು ಎಂದಷ್ಟೇ ನನಗೆ ಕಲಿಸಿದ್ದರು; ಯಾಕೆ ಸುಮ್ಮನಾದ ಎಂದು ಕೇಳಲು ಯಾರೂ ಕಲಿಸಿರಲಿಲ್ಲ.

ಪ್ರತಿ ಬೇಸಿಗೆ ಕಾಕಾ ನನ್ನನ್ನು ಡ್ರೈವರು ಮಾಡಿಕೊಂಡು ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ಗೆ ಹೋಗುತ್ತಿದ್ದರು. ಊರು ಇನ್ನೂ ಬರುವ ಮೊದಲೇ ಕಾರಿನೊಳಗೆ ಬೆಳ್ಳುಳ್ಳಿ ವಾಸನೆ ತುಂಬುತ್ತದೆ. ಅಲ್ಲೊಂದು ಶೆಡ್ಡಿನಲ್ಲಿ ಬೆಳ್ಳುಳ್ಳಿ ಜಡೆ ಹೆಣೆದು ಮಾರುವ ರೂಬೆನ್ ಎಂಬ ಮುದುಕ. ಬಲಗಾಲು ಸ್ವಲ್ಪ ಎಳೆಯುತ್ತಿದ್ದ. ಇಬ್ಬರೂ ಹವೆ, ಬೆಳೆ, ಮಂಡಿನೋವು ಎಂದು ಒಂದು ಗಂಟೆ ಮಾತಾಡುತ್ತಿದ್ದರು. ರೂಬೆನ್ ಒಂದು ಕಾಲದಲ್ಲಿ ರೇಸು ಓಡಿಸಿದವನು ಎಂಬುದಷ್ಟೇ ನನಗೆ ಗೊತ್ತಿತ್ತು. ರೇಸಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಬರುವಾಗ ಡಿಕ್ಕಿಯ ತುಂಬ ಬೆಳ್ಳುಳ್ಳಿ. ಒಬ್ಬ ಮನುಷ್ಯ ಇಷ್ಟು ಬೆಳ್ಳುಳ್ಳಿ ತಿಂದರೆ ನಾಲ್ಕು ಓಣಿ ಖಾಲಿಯಾಗುತ್ತದೆ ಎಂದರೆ, "ಹಂಚೂಣ ಬಿಡವಾ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಕಾಕಾ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದಾಗಲೇ ಕಾರ್ಡುಗಳಿದ್ದ ಶೂ ಡಬ್ಬಿಗಳನ್ನು ನನ್ನ ಹೆಸರಿಗೆ ಮಾಡಿದ್ದರು. "ಇಲ್ಲಿ ಓದಾಕ ಬರೂದು ನಿನಗಷ್ಟ. ಓದು. ಪೂರಾ ಓದು."

ಓದಲಿಲ್ಲ. ಸೋಮಾರಿತನಕ್ಕೆ ಸಮರ್ಥನೆ ಇಲ್ಲ, ಮುಂದೆ ಹೋಗೋಣ.

ಹಳೆಯ ಸವಾರರು, ವರದಿಗಾರರು ಸೇರಿ ಗಿಲ್‌ರಾಯ್‌ನಲ್ಲಿ ವರ್ಷಕ್ಕೊಮ್ಮೆ ಮಧ್ಯಾಹ್ನದ ಊಟ ಇಟ್ಟುಕೊಳ್ಳುತ್ತಾರೆ. ತೀರಿಕೊಂಡವರನ್ನು ನೆನೆಯುವ ಒಂದು ಪುಸ್ತಿಕೆಯನ್ನೂ ತರುತ್ತಾರೆ. ನಡೆಸುವವರು ಕ್ಯಾರಲ್ ಎಂಬ ಹೆಂಗಸು. ಡ್ರಮ್ಮಿನ ಸುತ್ತ ನಿಲ್ಲುತ್ತಿದ್ದ ನಾಲ್ವರಲ್ಲಿ ಒಬ್ಬರ ಮಗಳು. ಕಳೆದ ವರ್ಷ, ಕಾಕಾ ಕುರಿತು ಹತ್ತು ನಿಮಿಷ ಮಾತಾಡಿ ಎಂದು ಪುಸ್ತಿಕೆಯ ಕರಡು ಕಳಿಸಿದರು. ತೆರೆದು ನೋಡುತ್ತೇನೆ, ಹಳೆಯದೊಂದು ಅಪಘಾತದ ಕಥೆ. ಋತುವಿನ ಕೊನೆಯ ಓಟ. ನೀಲಿ ಹೆಲ್ಮೆಟ್ಟಿನ ಡೇಲ್ ಎಂಬ ಎಲ್ಲರ ಕಣ್ಮಣಿಯನ್ನು ಕೆಂಪು ಹೆಲ್ಮೆಟ್ಟಿನವನು "ಬೇಕೆಂದೇ" ಬೇಲಿಗೆ ಗುದ್ದಿಸಿದನಂತೆ. ಡೇಲ್ ಮತ್ತೆ ಗಾಡಿ ಹತ್ತಲಿಲ್ಲವಂತೆ. "ನಾಲ್ವರು ವರದಿಗಾರರೂ ಕಣ್ಣಾರೆ ಕಂಡದ್ದು" ಎಂದು ನಾಲ್ಕು ಹೆಸರು; ಕೊನೆಯದು ಕಾಕಾರದು. ಕೆಂಪು ಹೆಲ್ಮೆಟ್ಟಿನವನು ರೂಬೆನ್.

ನಮ್ಮ ಬೆಳ್ಳುಳ್ಳಿ ರೂಬೆನ್! ನೆನಪಿನ ಪುಸ್ತಿಕೆ ಎಂಬ ಹೆಸರಿಟ್ಟು, ಬದುಕಿರುವವನ ಮುಖಕ್ಕೆ ಮಸಿ ಬಳಿಯುವ ಈ ಸಂಭ್ರಮವನ್ನು ನೀವು ಏನೆನ್ನುತ್ತೀರೋ ಗೊತ್ತಿಲ್ಲ. ಇಂಥ ಸಭೆಗಳಲ್ಲಿ ಎದುರು ಪಕ್ಷವೇ ಇರುವುದಿಲ್ಲ ನೋಡಿ. ಎಲ್ಲರೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುತ್ತಾರೆ. ಅಂದೇ ಶೂ ಡಬ್ಬಿಗಳನ್ನು ನೆಲಕ್ಕೆ ಸುರಿದು ಕೂತೆ. ಆ ದಿನದ ಕಾರ್ಡು ಸಿಕ್ಕಿತು. ಮುಂಬದಿ ಓದಿ ಕುಣಿದೆ. ತಿರುಗಿಸಿ ಹಿಂಬದಿ ಓದಿದೆ. ಕಾರ್ಡನ್ನು ಮತ್ತೆ ಮುಂಬದಿ ಮೇಲಾಗಿ ಇಟ್ಟೆ.

ಊಟದ ದಿನ ಮೈಕು ಕೈಗೆ ಬಂದದ್ದೇ ತಡ, ಕಾಕಾ ಕುರಿತು ಎರಡು ಮಾತು ಹೇಳಿ ನೇರ ಕಾರ್ಡಿಗೆ ಬಂದೆ. ಗಾಜಿನಂಥ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಮುಂಬದಿ ಮಾತ್ರ ಸಭೆಗೆ ತೋರಿಸಿದೆ. ಹರಿದದ್ದು ಡೇಲ್‌ನ ಗಾಡಿಯ ಚೈನು; ಚೈನು ಹರಿದರೆ ಜಾರುತ್ತಿದ್ದ ಹಿಂದಿನ ಗಾಲಿ ತಟಕ್ಕನೆ ನೆಲ ಹಿಡಿಯುತ್ತದೆ, ಗಾಡಿ ನೆಟ್ಟಗಾಗಿ ಬೇಲಿಯ ಕಡೆ ನುಗ್ಗುತ್ತದೆ, ಹೊರಬದಿಯಲ್ಲಿ ಬರುತ್ತಿದ್ದ ರೂಬೆನ್‌ಗೆ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ ಬ್ರೇಕೂ ಇಲ್ಲ. ಅಂದು ಆದದ್ದು ಇಷ್ಟೇ ಎಂದೆ.

ಕ್ಯಾರಲ್ ಎದ್ದು ನಿಂತರು. ದನಿ ಏರಿಸಲಿಲ್ಲ. "ಬಿದ್ದ ಮೇಲೆ ಚೈನು ಹರಿದಿರಬಹುದಲ್ಲ? ಮೊದಲೇ ಹರಿಯಿತು ಎಂದು ಆ ಕಾರ್ಡು ಹೇಳುತ್ತದೆ ಅನ್ನುವುದು ನೀವು. ಈ ಸಭೆಯಲ್ಲಿ ಅದನ್ನು ಓದಬಲ್ಲವರೂ ನೀವೊಬ್ಬರೇ. ನನ್ನ ಜಾಗದಲ್ಲಿ ನೀವಿದ್ದರೆ ಒಪ್ಪುತ್ತಿದ್ದಿರಾ?"

ಒಪ್ಪುತ್ತಿರಲಿಲ್ಲ. ಅದೇ ನನಗೆ ಉರಿದದ್ದು. ತಕ್ಷಣ ಕಾರ್ಡಿನ ಮುಂಬದಿಯ ಫೋಟೋ ತೆಗೆದು ಸ್ಯಾನ್ ಹೊಸೆಯಲ್ಲಿರುವ ನನ್ನ ಪರಿಚಯದ, ಮಂಡ್ಯದ ಮಂಜಣ್ಣನಿಗೆ ಕಳಿಸಿ, ಫೋನನ್ನು ಮೈಕಿಗೆ ಹಿಡಿದೆ.

"ಮಂಜಣ್ಣ, ಏನೂ ಕೇಳಬೇಡಿ. ಹನ್ನೆರಡನೇ ಸಾಲು ಓದಿ, ಇಂಗ್ಲಿಷಲ್ಲೂ ಹೇಳಿ."

"ಏನವ್ವಾ ಇದು, ಗ್ರೋಸರಿ ಲಿಸ್ಟಾ? ಮಗಳ ಸ್ವಿಮ್ಮಿಂಗ್ ಕ್ಲಾಸಲ್ಲಿದೀನಿ, ಕನ್ನಡಕ ಕಾರಲ್ಲೈತೆ... ತಡಿ, ದೊಡ್ಡದು ಮಾಡ್ತೀನಿ. ಯಾರ್ದು ಇಷ್ಟು ಕೆಟ್ಟ ಅಕ್ಷರ, ಡಾಕ್ಟ್ರುದಾ? 'ಮೂರನೇ ತಿರುವು. ನೀಲಿ, ಚೈನ್ ಹರೀತು. ಆಮ್ಯಾಲೆ ಕೆಂಪಿಗೆ ಬಡೀತು. ಕೆಂಪಿನ ತಪ್ಪಿಲ್ಲ.' ಕೆಂಪು, ನೀಲಿ ಅಂದ್ರೆ ಯಾರವ್ವಾ, ಕಬಡ್ಡಿ ಟೀಮಾ?"

ಮಂಜಣ್ಣ ಇಂಗ್ಲಿಷಿನಲ್ಲೂ ಹೇಳಿ ಫೋನಿಟ್ಟ. ಕ್ಯಾರಲ್ ನಿಧಾನಕ್ಕೆ ಕೂತರು. ಆಹಾ, ಅಂಥ ಗೆಲುವು ನನಗೆ ಹಾಸನದಲ್ಲೂ ಸಿಕ್ಕಿರಲಿಲ್ಲ.

ಆಗ ಹಿಂದಿನ ಸಾಲಿನಿಂದ, ನಾನೇ ಕರೆಸಿದ್ದ ರೂಬೆನ್ ಕಾಲೆಳೆಯುತ್ತಾ ಬಂದ. ಕಾರ್ಡು ಕೇಳಿದ, ಕೊಟ್ಟೆ. ಕನ್ನಡದ ಆ ಸಾಲಿನ ಮೇಲೆ ಹೆಬ್ಬೆರಳಾಡಿಸಿದ. ಆಮೇಲೆ, ಯಾರಾದರೂ ಮಾಡುವಂತೆ, ಅದನ್ನು ತಿರುಗಿಸಿದ.

"ಇಲ್ಲಿಯೂ ಏನೋ ಇದೆಯಲ್ಲ. ಏನಿದು?"

ನನಗೆ ಬೇಕಾದಷ್ಟನ್ನೇ ಓದುವುದು ನಾನು ಕಲಿತ ಮೊದಲ ವಿದ್ಯೆ. ಮುಂಬದಿ ತೋರಿಸಿದ್ದೂ ಅದೇ ವಿದ್ಯೆಯಿಂದ; ರೂಬೆನ್‌ನ ಹೆಸರೂ ಉಳಿಯಬೇಕು, ಕಾಕಾರದೂ ಉಳಿಯಬೇಕು ಎಂಬ ಲೆಕ್ಕ ನನ್ನದು. ಮಂಜಣ್ಣ ಫೋನಿಟ್ಟಾಗಿತ್ತು. "ಮರುದಿನದ ಕೆಲಸದ ಪಟ್ಟಿ" ಎಂದಿದ್ದರೆ ಆ ಸಭೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಪುಸ್ತಿಕೆಯ ಸುಳ್ಳಿನ ಮೇಲೆ ಈಗಷ್ಟೇ ಹತ್ತು ನಿಮಿಷ ಕೂಗಾಡಿದ್ದೆ. ಆ ನಾಲ್ವರ ಜೊತೆ ಐದನೆಯವಳಾಗಲು ಬಾಯಿ ಬರಲಿಲ್ಲ. ಇಂಗ್ಲಿಷಿಗೆ ತಿರುಗಿಸುತ್ತಾ ಓದಿದೆ.

"ಕಾರ್ಡ್ ಕೂಡಸೂ ಮುಂದ ಬಾಯಿ ಬಿಡಲಿಲ್ಲ. ಹೊಸಬ ಇದ್ದೆ, ಹೊರಗ ಹಾಕತಾರ ಅಂತ ಅಂಜಿದೆ. ಹೂಂ ಅಂದೆ. ರೂಬೆನ್‌ಗ ಹೇಳಬೇಕು."

ರೂಬೆನ್‌ನ ಕಣ್ಣು ಒದ್ದೆಯಾಗಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ. ಮುಖ ಕೆಂಪಾಯಿತು.

"ಉಳಿದವರಂತೆ ಇವನೂ ತಪ್ಪು ಕಂಡನೆಂದೇ ನಂಬಿದ್ದೆ. ಪ್ರತಿ ಬೇಸಿಗೆ ನನ್ನ ಶೆಡ್ಡಿಗೆ ಬಂದ. ಇಷ್ಟು ಬೆಳ್ಳುಳ್ಳಿ ಒಬ್ಬನೇ ಏನು ಮಾಡುತ್ತೀಯ ಎಂದು ಕೇಳುತ್ತಿದ್ದೆ. ನಗುತ್ತಿದ್ದ. ಮರುವರ್ಷ ಜನ ನನ್ನನ್ನು ಕೂಗಿ ಕೂಗಿ ಟ್ರ್ಯಾಕಿನಿಂದ ಓಡಿಸಿದರಲ್ಲ, ಆಗ ಬೇಲಿಯ ಪಕ್ಕ ಅವನು ನಿಂತಿದ್ದ. ಪೆನ್ಸಿಲು ಹಿಡಿದುಕೊಂಡು ನಿಂತಿದ್ದ!"

ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಕಾಕಾ ಮೇಲೆ ನನಗೆ ಈಗಲೂ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಕಂಡದ್ದನ್ನು ಯಾರೂ ಓದಲಾಗದ ಲಿಪಿಯಲ್ಲಿ ಬರೆದಿಟ್ಟು, ತಾನು ಹೇಳಬೇಕಾದ್ದನ್ನು ಬಾಡಿಗೆಗಿದ್ದ ಹುಡುಗಿಯ ಬಾಯಿಂದ ಹೇಳಿಸಿದ ಮನುಷ್ಯ. ಹೊಸಬ, ಪರದೇಶಿ, ಒಂಟಿ. ಅವರ ಪರವಾಗಿ ವಾದಿಸಲು ಕೂತರೆ ನಾನು ಒಂದು ಗಂಟೆ ವಾದಿಸಬಲ್ಲೆ. ಮೊದಲ ವರ್ಷಕ್ಕೆ ಆ ವಾದ ನಿಲ್ಲುತ್ತದೆ. ಉಳಿದ ಬೇಸಿಗೆಗಳಿಗೆ? ಅನ್ನ ಹಾಕಿದವರು, ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟವರು. ಅದಕ್ಕೇ ಇನ್ನೂ ಸಿಟ್ಟು.

ಕ್ಯಾರಲ್ ನ್ಯಾಯಕ್ಕೆ ತಪ್ಪುವವರಲ್ಲ. ಈ ವರ್ಷದ ಪುಸ್ತಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ, ಅದರ ಕೆಳಗೆ ನಮ್ಮಪ್ಪನ ಹೆಸರೂ ಇರಲಿ ಎಂದರು. ಕಾಕಾ ಕುರಿತ ಪ್ಯಾರಾ ನೀವೇ ಬರೆಯಿರಿ ಎಂದರು. ವಾರಗಟ್ಟಲೆ ಒದ್ದಾಡಿ, ಹರಳೆಣ್ಣೆ ಹೊಗೆ ಕುಡಿದ ಆ ಭಾನುವಾರ ಮುಗಿಸಿದೆ. ಆ ಮಧ್ಯಾಹ್ನವೇ ಗಿಲ್‌ರಾಯ್‌ಗೆ ಓಡಿಸಿಕೊಂಡು ಹೋದೆ. ರೂಬೆನ್ ಜಡೆ ಹೆಣೆಯುತ್ತಿದ್ದ. ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಿಂತೇ ಓದಿದೆ. ಕಾಕಾ ಕಂಡರು, ಬರೆದರು, ಹೂಂ ಅಂದರು, ಸಾಯುವವರೆಗೂ ಹೇಳಲಿಲ್ಲ. ರೂಬೆನ್‌ನ ಸ್ನೇಹಿತರಾಗಿದ್ದರು.

ಹೆಣೆಯುವ ಕೈ ನಿಂತಿತು.

"ಸ್ನೇಹಿತ ಅನ್ನುವುದನ್ನು ತೆಗೆ."

ಬಾಯಿ ತೆರೆದೆ. ನನ್ನ ಬಳಿ ಮೂರು ವಾದಗಳಿದ್ದವು, ಮೂರೂ ಚೆನ್ನಾಗಿದ್ದವು. ಒಂದನ್ನೂ ಆಡದೆ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ.

ರೂಬೆನ್ ನೋಡುತ್ತಿದ್ದ. ಮತ್ತೆ ಜಡೆ ಕೈಗೆತ್ತಿಕೊಂಡ.

"ಈ ವರ್ಷಕ್ಕೆ ತೆಗೆ ಅಂದೆ," ಎಂದ. "ಮುಂದಿನ ವರ್ಷ ಬಂದು ಮತ್ತೆ ಕೇಳು."